ಒಂದೇ ಕಾಯಿಲೆ, ಎರಡು ಮನೆ

ಮನೆ ಮಾಲೀಕರಿಗೆ, ಇಸ್ತ್ರಿಯವಳ ನಮಸ್ಕಾರ.

ಮುರಿದ ಬಾಗಿಲನ್ನು ಈಗಲೇ ತೆಗೆಸಬೇಡಿ, ಪೊಲೀಸರು ನೋಡಬೇಕಂತೆ.

ನಿಮ್ಮ ಹೆಂಡತಿಗೂ ನನ್ನ ಗಂಡನಿಗೂ ಬಂದದ್ದು ಒಂದೇ ರಕ್ತದ ಕ್ಯಾನ್ಸರ್, ನೋಡಿದ್ದೂ ಒಬ್ಬರೇ ಡಾಕ್ಟರು. ನಿಮ್ಮ ಮನೆಯ ಅಕ್ಕನಿಗೆ ಆಸ್ಪತ್ರೆಯಲ್ಲಿ ಪ್ರತ್ಯೇಕ ಕೋಣೆ ಸಿಕ್ಕಿತು, ಗುಣವಾದರು. ಇವರನ್ನು ಮಾತ್ರ, "ಧೂಳು ಸೋಕಿಸಬೇಡಿ, ಪೆಟ್ಟು ಬಿದ್ರೆ ರಕ್ತ ನಿಲ್ಲಲ್ಲ" ಎಂದು ಹೇಳಿ ಮನೆಗೆ ಕಳಿಸಿದರು. ಅದನ್ನೇ ಹೇಳಿ, ನಾವಿರುವ ಬಾಡಿಗೆ ಮನೆ ಕೆಡವುವುದನ್ನು ಸ್ವಲ್ಪ ತಡೆಯಿರಿ ಎಂದು ನಿಮ್ಮ ಕಾಲು ಹಿಡಿದಿದ್ದೆ.

ಆದರೂ ಮನೆ ಖಾಲಿ ಮಾಡಿಸಲು ಬಂದ ನಿಮ್ಮ ಮಗ ಸುತ್ತಿಗೆಯಿಂದ ಬಾಗಿಲು ಒಡೆದ. "ನಾಟಕ ಸಾಕು, ಏಳೋ!" ಎಂದು ಇವರನ್ನು ಹಾಸಿಗೆಯಿಂದ ಎಳೆದು ಮುಖಕ್ಕೆ ಗುದ್ದಿದ. ಕಾದಿದ್ದ ಇಸ್ತ್ರಿಪೆಟ್ಟಿಗೆಯನ್ನು ಅವನ ತೋಳಿಗೆ ಒತ್ತಿ ಹಿಡಿದೆ. ಚರ್ಮ ಪೆಟ್ಟಿಗೆಗೇ ಅಂಟಿಕೊಂಡು ಬಂತು. ಅವನ ತೋಳು ಮಾಯುತ್ತದೆ. ಇವರ ಬಾಯಿಂದ ಬಂದ ರಕ್ತ ನಿಲ್ಲಲೇ ಇಲ್ಲ. ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟರು.

ಸುಟ್ಟದ್ದು ನಾನೇ ಎಂದು ಠಾಣೆಯಲ್ಲಿ ಒಪ್ಪಿಕೊಂಡೆ. ನಿಮ್ಮ ಮಗ ಇವರಿಗೆ ಹೊಡೆದದ್ದಕ್ಕೆ ಸಾಕ್ಷಿ ಎಲ್ಲಿ ಎಂದು ಕೇಳಿದರು. ಅಷ್ಟರಲ್ಲಿ ಅಕ್ಕ ಒಳಗೆ ಬಂದರು.

"ಎದುರು ಕಿಟಕಿಯಿಂದ ಎಲ್ಲಾ ನೋಡಿದೀನಿ. ಹೆತ್ತ ಮಗ ಅಂತ ಸುಳ್ಳು ಹೇಳಲ್ಲ" ಅಂದರು.

ಒಂದೇ ಬೇಡಿಕೆ. ಅಕ್ಕ ಮನೆಗೆ ಬಂದಾಗ ಅವರ ಮೇಲೆ ಕೈ ಮಾಡಬೇಡಿ. ಆ ಕಾಯಿಲೆ ಗೆದ್ದು ಉಳಿದವರು ನಮ್ಮ ಬೀದಿಯಲ್ಲಿ ಅವರೊಬ್ಬರೇ.

ಇತಿ,
ನಿಮ್ಮ ಎದುರುಮನೆಯವಳು