ಗ್ರೇಸಿಯ ಕೈ ಇಳಿಸಿದ ಅಧಿಕಾರಿಗೆ

ರಸ್ತೆ ದಾಟಿಸುವ ಅಧಿಕಾರ ಹೊತ್ತ ಮಾನ್ಯರೇ,

ತ್ರಿಪ್ಪುಣಿತ್ತುರದ ನಮ್ಮ ಮೂಲೆಯಲ್ಲಿ ಜನರನ್ನು ರಸ್ತೆ ದಾಟಿಸುತ್ತಿದ್ದ ವಾರ್ಡನ್ ಗ್ರೇಸಿಯನ್ನು ತೆಗೆದು, ತಾನೇ ಯೋಚಿಸುವ ಸಿಗ್ನಲ್ ಒಂದನ್ನು ನಿಲ್ಲಿಸಿದ್ದೀರಿ. ಅದು ಯೋಚಿಸಿ ಮುಗಿಸುವಾಗ ನಾನಿನ್ನೂ ಅರ್ಧ ರಸ್ತೆಯಲ್ಲಿರುತ್ತೇನೆ. ನನ್ನ ದೂರು ಇಷ್ಟೇ. ಪತ್ರ ಕನ್ನಡದಲ್ಲಿದೆ, ನಿಮ್ಮ ಯಂತ್ರಕ್ಕೆ ಸಕಲ ಭಾಷೆಗಳೂ ಬರುತ್ತವಂತೆ, ಓದಿಸಿಕೊಳ್ಳಿ.

ಗ್ರೇಸಿ ದೇವತೆಯೇನೂ ಆಗಿರಲಿಲ್ಲ. ಫೋನಿನಲ್ಲಿ ನಾದಿನಿಯ ಜೊತೆಗಿನ ಜಗಳ ಮುಗಿಯುವವರೆಗೆ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ್ದೂ ಉಂಟು. ಆದರೆ ನನ್ನ ಹೆಂಡತಿ ವಸಂತಿ ಬದುಕಿದ್ದಾಗ, ಮಂಡಿನೋವಿನ ಅವಳು ಕೊಡೆ ಮೇಲೆತ್ತಿದರೆ ಸಾಕು, ಆಚೆ ಬದಿಯಲ್ಲಿ ಗ್ರೇಸಿಯ ಕೈಯೂ ಮೇಲೇಳುತ್ತಿತ್ತು. ಬಸ್ಸು ನಿಲ್ಲುತ್ತಿತ್ತು. "ಚೇಚೀ, ಪದುಕ್ಕೆ ಮದಿ" ಎನ್ನುತ್ತಿದ್ದಳು, ಅಕ್ಕಾ, ನಿಧಾನಕ್ಕೆ ಬಂದರೆ ಸಾಕು ಅಂತ. ಡಿಸ್ಕ್ರೆಷನ್ ಎಂಬ ಪದ ನಾನು ಕಾಲೇಜಿನಲ್ಲಿ ಕಲಿತದ್ದು. ಸ್ಪೆಲ್ಲಿಂಗ್ ಈಗ ಮರೆತೇ ಹೋಗಿದೆ. ಎದುರಿಗಿರುವವರನ್ನು ನೋಡಿ ತೀರ್ಮಾನಿಸುವ ವಿವೇಕ ಎಂಬ ಅರ್ಥ ಮಾತ್ರ ಆ ಕೈ ನೋಡಿದಾಗಲೆಲ್ಲ ನೆನಪಾಗುತ್ತಿತ್ತು.

ಕಳೆದ ವಾರ ನೆರೆಮನೆಯ ಜುಬೈದಾ ಮತ್ತು ನಾನು ಹಸಿರು ದೀಪ ನೋಡಿಯೇ ಹೊರಟೆವು. ನಡುವೆ ಕೆಂಪಾಯಿತು. ಲಾರಿಯೊಂದು ಅವರ ಊರುಗೋಲಿಗೆ ತಾಗಿಕೊಂಡು ಹೋಯಿತು. ಅಂದಿನಿಂದ ಆಚೆ ಬದಿಯ ಫಿಸಿಯೋಥೆರಪಿಗೆ ಹೋಗುವುದನ್ನೇ ಅವರು ಬಿಟ್ಟಿದ್ದಾರೆ. ನಮ್ಮ ಕಟ್ಟಡದ ಐಟಿ ಹುಡುಗ ಸ್ಕಂದ ಸಮಾಧಾನ ಹೇಳಿದ: "ಅಂಕಲ್, ಅದಿನ್ನೂ ಕಲೀತಾ ಇದೆ, ಸ್ವಲ್ಪ ಟೈಮ್ ಕೊಡಿ."

"ಟೈಮ್ ಕೊಡಬೇಕಾದ್ದು ಅದು ನಮಗೆ ಮಾರಾಯ. ಕಲಿಯಲಿ, ಬೇಡ ಹೇಳುವುದಿಲ್ಲ. ಜುಬೈದಾರ ಕಾಲಿನ ಮೇಲೆಯೇ ಕಲಿಯಬೇಕಾ?"

ಸ್ಕಂದ ನಕ್ಕ. ಪಕ್ಕದಲ್ಲೇ ಇದ್ದ ಜುಬೈದಾ ನಗಲಿಲ್ಲ.

ರೈಲು ಹತ್ತಿ ತಿರುವನಂತಪುರದ ನಿಮ್ಮ ಕಚೇರಿಗೇ ಬಂದೆ. ಬಾಗಿಲಲ್ಲೊಂದು ಯಂತ್ರದ ಪರದೆ. ಒಳಗೆ ಚಹಾ ಕುಡಿಯುತ್ತಿದ್ದವರು "ಅದಿಲ್ ಪರಞ್ಞಾಲ್ ಮದಿ, ಸಾರೇ" ಎಂದು ಅದನ್ನೇ ತೋರಿಸಿದರು. ಅದಕ್ಕೆ ಹೇಳಿದರೆ ಸಾಕಂತೆ. ಹೇಳಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: ನನ್ನ ಕಳಕಳಿ ಅದಕ್ಕೆ ಅರ್ಥವಾಗಿದೆ, ಸರಾಸರಿ ಪಾದಚಾರಿಗೆ ಈಗಿನ ಸಮಯ ಸಾಕು, ದೂರು ಇತ್ಯರ್ಥವಾಗಿದೆ. ಯಾರು ಸ್ವಾಮಿ ಈ ಸರಾಸರಿ ಪಾದಚಾರಿ? ಅವನಿಗೆ ಮಂಡಿ ಇದೆಯೇ? ಎಂದಾದರೂ ಅವನ ಚಪ್ಪಲಿಯ ಬಾರು ಕಿತ್ತಿದೆಯೇ? ಇಷ್ಟು ವರ್ಷ ಆ ರಸ್ತೆ ದಾಟಿದ್ದೇನೆ, ಒಮ್ಮೆಯೂ ಎದುರಾಗಿಲ್ಲ.

ನಾನು ಯಂತ್ರದ್ವೇಷಿಯಲ್ಲ. ಅಂಬಲಮುಗಳಿನ ರಿಫೈನರಿಯಲ್ಲಿ ಯಂತ್ರಗಳ ನಡುವೆಯೇ ಸವೆದವನು. ಸಾಂಬಾರಿಗೆ ಉಪ್ಪೆಷ್ಟು ಎಂದು ಈಗ ಫೋನನ್ನೇ ಕೇಳುತ್ತೇನೆ. ಕೇಳಲು ಮನೆಯಲ್ಲಿ ಬೇರೆ ಯಾರಿದ್ದಾರೆ? ಸಾಂಬಾರು ಕೆಟ್ಟರೆ ನಾನೊಬ್ಬ ಉಣ್ಣುತ್ತೇನೆ. ಲಾರಿಯ ಮುಂದೆ ಜುಬೈದಾರನ್ನು ಬಿಡುವ ತೀರ್ಮಾನ ಹಾಗಲ್ಲ. ಅದನ್ನು ಮಾಡುವವರಿಗೊಂದು ಮುಖ ಇರಬೇಕು. ಗ್ರೇಸಿ ತಪ್ಪಿದರೆ ಬೈಯುತ್ತಿದ್ದೆವು. ಮರುದಿನ ಅವಳ ಕೈ ಇನ್ನಷ್ಟು ಹೊತ್ತು ಮೇಲಿರುತ್ತಿತ್ತು.

ಆದ್ದರಿಂದ ಗ್ರೇಸಿಯನ್ನು ಮರಳಿ ನಿಲ್ಲಿಸಿ. ಸಿಗ್ನಲ್ ಇರಲಿ, ಅದನ್ನು ತಡೆಯುವ ಗುಂಡಿ ಅವಳ ಬಳಿ ಇರಲಿ. ಆಗದಿದ್ದರೆ ನೀವೇ ಬಂದು, ಜುಬೈದಾರ ಎದುರು, ನಿಮ್ಮದೇ ಬಾಯಿಂದ ಆಗದು ಎನ್ನಿ. ಅಲ್ಲಿಯವರೆಗೆ ಅವರು ಫಿಸಿಯೋಥೆರಪಿಗೆ ಹೊರಡುವ ಹೊತ್ತಿಗೆ ವಸಂತಿಯ ಕೊಡೆ ಎತ್ತಿ ಹಿಡಿದು ನಾನೇ ರಸ್ತೆಯ ನಡುವೆ ನಿಲ್ಲುತ್ತೇನೆ. ಜುಬೈದಾ ಹೊರಡಲು ಒಪ್ಪಿದ್ದಾರೆ. ನಿಮ್ಮ ಸಿಗ್ನಲ್ ಬೇಕಿದ್ದರೆ ನೋಡಿ ಕಲಿಯಲಿ.

ಇಂತಿ,
ನಿಮ್ಮ ಸರಾಸರಿಗೆ ಸೇರದೆ ಉಳಿದ
ಯಜ್ಞನಾರಾಯಣ
ತ್ರಿಪ್ಪುಣಿತ್ತುರ, ರಸ್ತೆಯ ಈಚೆ ಬದಿ