ಮೊದಲ ಪುಟದಲ್ಲಿ ಉಸಿರು

ಮನೆ,
ಶನಿವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ಹೇಗಿದ್ದೀಯ ಮಗಳೇ? ಕಣ್ಣುರಿ ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಮೊದಲೇ ಹೇಳಿಬಿಡುತ್ತೇನೆ, ಅಮ್ಮ ಈಗ ಹುಷಾರಾಗಿದ್ದಾಳೆ, ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ಇದನ್ನೆಲ್ಲ ಫೋನಿನಲ್ಲಿ ಹೇಳಲಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಪಾರ್ಶ್ವವಾಯು ಬಡಿದು ಮಾತು ನಿಂತಮೇಲೆ ಅಮ್ಮನಿಗೆ ನಾಲಿಗೆಯಾದದ್ದು ನೀನು ಮಾಡಿಕೊಟ್ಟ ಆ ಟ್ಯಾಬ್ಲೆಟ್ಟೇ. ಚಿತ್ರ ಮುಟ್ಟಿದರೆ ಸಾಕು, ಮಾತಾಡುತ್ತದೆ. ಹೋದ ವಾರ ಹವಾಮಾನ, ಹಾಡು, ಬಣ್ಣ ಎಲ್ಲ ಸೇರಿಸಿ ಅಲ್ಲಿಂದಲೇ ಅದಕ್ಕೆ ಹೊಸ ಆ್ಯಪ್ ಹಾಕಿದೆಯಲ್ಲ, ಹಿಗ್ಗಿ ಹೋಗಿದ್ದಳು. ಮೊನ್ನೆ ಮಧ್ಯಾಹ್ನ ನಾನು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಕೋಟಿಗೆ ತೋಳು ಕೂಡಿಸುತ್ತಿದ್ದೆ. ಬೆನ್ನ ಹಿಂದೆ ಟ್ಯಾಬ್ಲೆಟ್ಟು ‘ನನಗೆ ಮೋಡ ಇಷ್ಟ’ ಎಂದಿತು. ನಕ್ಕೆ. ಮತ್ತೆ ‘ನನಗೆ ಮೋಡ ಇಷ್ಟ’. ‘ಆಯ್ತೇ ರಾಣಿ, ನೋಡ್ತಾ ಇರು’ ಎಂದೆ. ಮತ್ತೂ ಅದೇ ಮಾತು, ಒಂದರ ಮೇಲೊಂದು, ಅದೇ ಉಲ್ಲಾಸದ ದನಿ. ತಿರುಗಿದೆ. ತುಟಿ ನೀಲಿಗಟ್ಟಿತ್ತು ಪುಟ್ಟಿ. ಉಸಿರು ಸಿಗದೆ ಒದ್ದಾಡುತ್ತ ಬೆರಳಿನಿಂದ ಪರದೆಯ ಒಂದೇ ಮೂಲೆಯನ್ನು ಕುಟ್ಟುತ್ತಿದ್ದಳು. ಮೊದಲು ಅಲ್ಲಿ ಕೆಂಪಗೆ ‘ಉಸಿರು’ ಇತ್ತು. ಹೊಸದರಲ್ಲಿ ಆ ಜಾಗಕ್ಕೆ ಮೋಡ ಬಂದಿದೆ, ‘ಉಸಿರು’ ಹೋಗಿ ‘ನಾನು’, ಅದರೊಳಗೆ ‘ದೇಹ’, ಅದರೊಳಗೆಲ್ಲೋ ಅಡಗಿ ಕೂತಿದೆ. ಆಂಬುಲೆನ್ಸ್ ಬರುವವರೆಗೆ ಅವಳನ್ನು ಎದೆಗಾನಿಸಿಕೊಂಡಿದ್ದೆ.

ನಿನ್ನೆ ಎದುರುಮನೆಯ ನರ್ಸಮ್ಮ ಹಳೆಯ ಆ್ಯಪನ್ನೇ ಹಾಕಿಕೊಟ್ಟಳು, ನಾಲ್ಕೇ ಚಿತ್ರ. ಅಮ್ಮ ಅದನ್ನು ದೂರ ತಳ್ಳಿ ಮುಖ ತಿರುಗಿಸಿದಳು. ಪಾಪ! ‘ನೀರು’, ‘ನೋವು’, ‘ಉಸಿರು’, ‘ಬಾ’, ಇಷ್ಟರಲ್ಲಿ ಗಂಡನನ್ನು ಬೈಯುವುದಾದರೂ ಹೇಗೆ? ಅವಳಿಗೆ ಮೋಡವೂ ಬೇಕು. ಮತ್ತೆ ಹೊಸದನ್ನೇ ಹಾಕಿ, ತಡಕಾಡಿ ತಡಕಾಡಿ, ಆ ನಾಲ್ಕನ್ನು ಮೊದಲ ಪುಟಕ್ಕೆ ತಂದು ಉಳಿದದ್ದೆಲ್ಲ ಒಂದು ಸಣ್ಣ ಬಾಗಿಲಿನ ಚಿತ್ರದ ಹಿಂದೆ ಸೇರಿಸಿದೆವು. ‘ಉಸಿರು’ ಮಾತ್ರ ಎಲ್ಲ ಪುಟದಲ್ಲೂ ಇರಬೇಕು. ಅದು ನಮ್ಮ ಕೈಲಾಗಲಿಲ್ಲ, ನೀನೇ ಮಾಡಬೇಕು. ಅಲ್ಲಿಯವರೆಗೆ ಹೊಲಿಗೆ ಯಂತ್ರವನ್ನು ತಿರುಗಿಸಿ ಅವಳ ಮುಖ ಕಾಣುವ ಹಾಗೆ ಕೂರುತ್ತಿದ್ದೇನೆ.

ನಿನ್ನನ್ನು ನೀನು ಹಳಿದುಕೊಳ್ಳಬೇಡ. ಅಮ್ಮನ ಮೇಲಿನ ಪ್ರೀತಿಗೆ ಒಂದಿಷ್ಟು ಹೆಚ್ಚೇ ತುಂಬಿಬಿಟ್ಟೆ, ಅಷ್ಟೇ. ಈಗಷ್ಟೇ ನಿನ್ನ ಫೋಟೋದ ತಲೆ ಸವರಿದಳು. ಅದನ್ನೇ ನಮ್ಮಿಬ್ಬರ ಆಶೀರ್ವಾದ ಅಂದುಕೋ.

ನಿನ್ನ
ಅಪ್ಪ

ತಾ.ಕ.: ಲಕೋಟೆ ಅಂಟಿಸುವಾಗ ನರ್ಸಮ್ಮ ಹೇಳಿದಳು, ನೀನು ಮಾಡಿದ ಈ ಹೊಸದನ್ನೇ, ‘ಉಸಿರು’ ಅಡಗಿರುವುದನ್ನೇ, ಸೋಮವಾರ ಅವಳ ಆಸ್ಪತ್ರೆಯಲ್ಲಿ ಮಾತು ನಿಂತವರಿಗೆಲ್ಲ ಕೊಡುತ್ತಾರಂತೆ. ಅವಳ ಮಾತು ಅಲ್ಲಿ ನಡೆಯದಂತೆ. ನಿನ್ನ ಫೋನು ಹತ್ತುತ್ತಿಲ್ಲ. ಅವಳು ಇವತ್ತೇ ನಿನ್ನ ಊರಿಗೆ ಹೊರಟಿದ್ದಾಳೆ, ಪತ್ರ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಅದನ್ನು ತಡೆ ಮಗಳೇ. ನಿನ್ನ ಆಫೀಸಿನ ಮೇಲಿನವರು ಬೈದರೆ ಬೈಯಲಿ. ಇದನ್ನು ಮಡಚುವ ಮುಂಚೆ ಫೋನು ಮಾಡು. ನನಗಲ್ಲ, ಆಸ್ಪತ್ರೆಯವರಿಗೆ.