ಕೆರೆಗೆ ಹೊರಟ ನೆಲಗಪ್ಪೆಗಳು

ಮಾರ್ಚ್ 11, ಬೆಳಿಗ್ಗೆ 8

ಇಂದು ನಲವತ್ತೆರಡು. ಕಪ್ಪೆಗಳು ರಸ್ತೆಗಿಳಿದು ಗಾಡಿಗೆ ಸಿಗದಂತೆ ಕಟ್ಟಿದ ಬೇಲಿಯ ಬುಡದಲ್ಲಿ ಹೂತ ಬಕೆಟ್‌ಗಳಿಂದ ಎತ್ತಿ, ರಸ್ತೆ ದಾಟಿಸಿ, ಕೆರೆಯಂಚಿಗೆ ಬಿಟ್ಟದ್ದು. ಕೈಗವಸು ಒದ್ದೆ. ಬೆನ್ನು ನೋವು.

ಗಂಟಲಿನ ಆಪರೇಷನ್ ಆಗಿ ಐದು ವಾರ. ಮಾತಾಡುವಂತಿಲ್ಲ. ಮೂವತ್ತೊಂದು ವರ್ಷ ಈ ಹಳ್ಳಿಯ ಚರ್ಚಿನಲ್ಲಿ ಪ್ರಸಂಗ ಮಾಡಿದವನು, ಅಡುಗೆಮನೆಯಲ್ಲಿ ಪಾತ್ರೆ ಆಚೀಚೆ ಮಾಡುತ್ತ ಕೂತಿದ್ದೆ. ಎನಿಕೋಗೆ ಸಾಕಾಯಿತು. "ರೀ, ಇರ್ಮಾ ಒಬ್ಳೇ ಕಪ್ಪೆ ಹೊರ್ತಿದಾಳೆ. ಹೋಗಿ. ಅದಕ್ಕೆ ಬಾಯಿ ಬೇಕಾಗಿಲ್ಲ." ಹೆಂಡತಿಯ ಮಾತಿಗೆ ಅಪೀಲಿಲ್ಲ.

ಇರ್ಮಾ ನಿವೃತ್ತ ಬಸ್ ಡ್ರೈವರ್. ಚರ್ಚಿಗೆ ಬರುವವಳಲ್ಲ. ಬಾಯಿ ಮಾತ್ರ ನಿಲ್ಲುವುದಿಲ್ಲ. ಬಕೆಟ್ಟಿಗೆ ಒಂದು ಹಾಕಿದರೆ ಎರಡು ಹೊರಗೆ ಹಾರುತ್ತಿದ್ದವು. "ಕಪ್ಪೆ ತೂಗೋದು ಅಂದ್ರೆ ಇದೇ ನೋಡಿ ಪಾಸ್ಟರೇ. ಥೇಟ್ ನಿಮ್ಮ ಚರ್ಚ್ ಕಮಿಟಿ!" ನಕ್ಕೆ. ದನಿಯಿಲ್ಲದೆ.

ಮಾರ್ಚ್ 14

ಒಂದನ್ನು ಅಂಗೈಯಲ್ಲಿಟ್ಟು ನೋಡಿದೆ. ಮೈಯೆಲ್ಲ ಗಂಟು. ಕಣ್ಣು ಮಾತ್ರ — ತಾಮ್ರ ಕಾಸಿ ಒಳಗೆ ಸುರಿದ ಹಾಗೆ. ಇಂಥ ಮೈಗೆ ಇಂಥ ಕಣ್ಣಿಟ್ಟವನನ್ನು ಏನೆಂದು ಹೊಗಳಲಿ. ಹುಟ್ಟಿದ ನೀರಿಗೇ ಮರಳುತ್ತವೆ. ಜೋರಾಗಿ ಕೂಗುವ ಗಂಟಲಿಲ್ಲ. ಸಣ್ಣ ಕಿಚಕಿಚ, ಅಷ್ಟೇ. ಬಂದ ಕೆಲಸ ಮಾತ್ರ ಗೊತ್ತು.

ಜೇಬಿನ ಪುಟ್ಟ ಸ್ಲೇಟಿನಲ್ಲಿ ಬರೆದು ತೋರಿಸಿದೆ: "ಇವಕ್ಕೆ ತಮಗಿರುವ ದೇವರ ಕರೆ ಗೊತ್ತು."

"ಶುರುವಾಯ್ತು ಪ್ರಸಂಗ! ಗಂಟಲು ಕುಯ್ದ್ರೂ ಬಿಡಲ್ವಲ್ಲ ನೀವು. ನೀರಿಗೆ ಹೋಗ್ತಿವೆ ಪಾಸ್ಟರೇ, ಅಷ್ಟೇ."

ಅಷ್ಟೇ ಎನ್ನುವುದು ಚಿಕ್ಕದೇ? ಬರೆಯಲು ಹೋದೆ. ಸ್ಲೇಟು ಕಸಿದುಕೊಂಡಳು.

ಮಾರ್ಚ್ 19

ಹರ್ಗಿತಾ ಬೆಟ್ಟದ ಕಡೆಯಿಂದ ಗಾಳಿ. ಮತ್ತೆ ಹಿಮ. ಬಕೆಟ್ ಖಾಲಿ. ಇರ್ಮಾ ತರಗೆಲೆ ಸರಿಸಿ ತೋರಿಸಿದಳು — ಅಲ್ಲಲ್ಲೇ ಮುದುಡಿ ಕೂತಿವೆ. ಚಳಿ ಹಿಡಿದರೆ ನಿಲ್ಲುತ್ತವೆ. ಬಿಸುಪು ಬಂದರೆ ಹೊರಡುತ್ತವೆ. ನಿಂತದ್ದಕ್ಕೆ ನಾಚಿಕೆಯಿಲ್ಲ. ಕಾಯುವುದೂ ಕೆಲಸವೇ ಎಂದು ಇವಕ್ಕೆ ಯಾರು ಕಲಿಸಿದರೋ... ನನಗಂತೂ ಈ ವಯಸ್ಸಿಗೂ ಬಂದಿಲ್ಲ.

ಮಾರ್ಚ್ 22

ಪಟ್ಟಣದ ಡಾಕ್ಟರ್ ನೇರವಾಗಿ ಹೇಳಿದರು. ಪಿಸುಮಾತು ಬರಬಹುದು. ದನಿ ಬರುವುದಿಲ್ಲ.

ಬಸ್ಸಿನಲ್ಲಿ ಎನಿಕೋ ನನ್ನ ಕೈ ಬಿಡಲಿಲ್ಲ.

ಮಾರ್ಚ್ 23

ಕೊಲೊಜ್ವಾರಿನ ಬಿಷಪ್ ಕಚೇರಿಗೆ ರಾಜೀನಾಮೆ ಬರೆದೆ. ನಾಲ್ಕೇ ಸಾಲು. ದನಿಯಿಲ್ಲದ ಪಾಸ್ಟರ್ ಯಾತಕ್ಕೆ.

ಮಾರ್ಚ್ 30, ಬೆಳಿಗ್ಗೆ

ಆರು ದಿನ ಹೊರಗೆ ಕಾಲಿಟ್ಟಿರಲಿಲ್ಲ. ನಿನ್ನೆ ಸಂಜೆ ಬೆಚ್ಚಗೆ ಮಳೆ. ಇರ್ಮಾ ಬಾಗಿಲು ಬಡಿದಳು. "ಏಳಿ ಪಾಸ್ಟರೇ! ಬೇಲಿ ಕಿತ್ತೋಗಿದೆ. ನೂರಾರು ಬಂದಿವೆ, ರಸ್ತೆ ತುಂಬ!"

ರಸ್ತೆಯೇ ನಡೆಯುತ್ತಿರುವ ಹಾಗಿತ್ತು. ತಿರುವಿನಿಂದ ಮರದ ದಿಮ್ಮಿ ಹೇರಿದ ಲಾರಿ ಬಂತು. ಇರ್ಮಾ ನಡುರಸ್ತೆಯಲ್ಲಿ ಕೈ ಚಾಚಿ ನಿಂತಳು. ಕೂಗಲು ಬಾಯಿ ತೆರೆದೆ — ಬರೀ ಗಾಳಿ. ಹೋಗಿ ಪಕ್ಕದಲ್ಲಿ ನಿಂತೆ.

ಲಾರಿ ನಿಂತಿತು. ಡ್ರೈವರ್ ಇಳಿದ. "ಕಪ್ಪೆಗೋಸ್ಕರ ಸಾಯ್ತೀರೇನ್ರೀ? ತಲೆ ಕೆಟ್ಟಿದೆಯಾ?" ಇರ್ಮಾಳ ಬಾಯಿ ಕಟ್ಟಿದ್ದನ್ನು ಮೊದಲ ಸಲ ಕಂಡೆ. ಚಾಚಿದ ಕೈ ಇಳಿಸಲೂ ಮರೆತಿದ್ದಳು. ಅವನೂ ನೋಡಿದ. ಬೈಯುವುದು ನಿಲ್ಲಿಸಿ ಬಕೆಟ್ ಎತ್ತಿಕೊಂಡ. ಮೂವರೂ ಎರಡು ಗಂಟೆ ಹೊತ್ತೆವು.

ಅವನು ಹೋದ ಮೇಲೆ ರಸ್ತೆಬದಿಯ ಕಲ್ಲಿನ ಮೇಲೆ ಕೂತು ಹೇಳಿದಳು. ಹದಿನಾಲ್ಕು ವರ್ಷದ ಹಿಂದೆ, ಇದೇ ತಿರುವಿನಲ್ಲಿ, ಮಂಜಿನಲ್ಲಿ, ಅವಳ ಬಸ್ಸಿಗೆ ಸಿಕ್ಕು ಸತ್ತವನು ನಮ್ಮೂರ ಬೋರ್ಬಾಲಾಳ ಮಗ. ಅವನನ್ನು ಮಣ್ಣು ಮಾಡಿದವನು ನಾನೇ. ಬಸ್ಸಿನ ಡ್ರೈವರ್ ಯಾರೆಂದೂ ಗೊತ್ತಿತ್ತು. ಪೊಲೀಸರು ತಪ್ಪಿಲ್ಲ ಎಂದಿದ್ದರು. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

"ತಪ್ಪಿಲ್ಲ ಅಂದ್ಬಿಟ್ರೆ ಆಗೋಯ್ತಾ? ಆ ಸದ್ದು ಕಿವಿಯಿಂದ ಹೋಗಲ್ಲ." ಕೈಗವಸು ಕಳಚುತ್ತ: "ಆಗ ನಿಮ್ಮನೆಗೆ ಬಂದಿದ್ದೆ. ಜ್ಞಾಪಕ ಇದೆಯಾ? ಅರ್ಧ ಗಂಟೆ ಮಾತಾಡಿದ್ರಿ. ಚೆನ್ನಾಗೇ ಮಾತಾಡಿದ್ರಿ. ನಾನು ಬಾಯಿ ಬಿಡೋಕೆ ಸಂದೇ ಇರ್ಲಿಲ್ಲ. ಎದ್ದು ಬಂದೆ."

ಸ್ಲೇಟು ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಮಳೆ ನಿಂತಿತು. ಅವಳು ಹೇಳುತ್ತಲೇ ಇದ್ದಳು. ಕೇಳಿದೆ.

ಮಾರ್ಚ್ 31

ನಿದ್ದೆ ಸರಿಯಾಗಲಿಲ್ಲ. ನಿವೃತ್ತಿಯಾದ ಮೇಲಿನ ಏಳು ವಸಂತವೂ ಅದೇ ತಿರುವಿನಲ್ಲಿ ನಿಂತು ಒಂದೊಂದೇ ಜೀವವನ್ನು ದಾಟಿಸುತ್ತಿದ್ದಾಳೆ. ಯಾರ ಹೊಗಳಿಕೆಗೂ ಅಲ್ಲ. ನಾನು ಹವ್ಯಾಸ ಅಂದುಕೊಂಡಿದ್ದೆ. ಕರೆಯ ವಿಷಯ ಇವಳಿಗೇ ಬೋಧಿಸಲು ಹೋದೆನಲ್ಲ, ಸ್ಲೇಟು ಹಿಡಿದು!

ರಾಜೀನಾಮೆ ಪತ್ರ ಇನ್ನೂ ಮೇಜಿನ ಮೇಲಿದೆ. ಹರಿಯಲಿಲ್ಲ. ಕಳಿಸಲೂ ಇಲ್ಲ.

ಏಪ್ರಿಲ್ 9, ಈಸ್ಟರ್

ಪಕ್ಕದೂರಿನ ಪಾಸ್ಟರ್ ಬಂದು ಪ್ರಸಂಗ ಮಾಡಿದರು. ನಾನು ಕೊನೆಯ ಬೆಂಚು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ಜನರ ಬೆನ್ನು ನೋಡಿದೆ. ಎಷ್ಟು ಭಾರ ಹೊತ್ತಿದೆ ಒಂದೊಂದು ಬೆನ್ನೂ! ಎದುರು ನಿಂತು ಮಾತಾಡುವಾಗ ಕಂಡೇ ಇರಲಿಲ್ಲ.

ಏಪ್ರಿಲ್ 11, ಬೆಳಿಗ್ಗೆ 10

ಇರ್ಮಾ ಬಂದಳು. ಇಸ್ತ್ರಿ ಮಾಡಿದ ಕಪ್ಪು ಕೋಟು. "ಬೋರ್ಬಾಲಾ ಹತ್ರ ಹೋಗ್ಬೇಕು. ಹದಿನಾಲ್ಕು ವರ್ಷದಿಂದ ಆ ಬೀದಿ ತುಳಿದಿಲ್ಲ. ನೀವು ಜೊತೆಗೆ ಬನ್ನಿ."

ಗಂಟಲು ಮುಟ್ಟಿ ತೋರಿಸಿದೆ.

"ಅದಕ್ಕೇ ಕರೀತಿರೋದು ಪಾಸ್ಟರೇ."

ಎನಿಕೋ ಈಸ್ಟರಿನ ಕೇಕು ಕಟ್ಟಿಕೊಡುತ್ತಿದ್ದಾಳೆ. ಬೋರ್ಬಾಲಾ ಬಾಗಿಲು ತೆರೆಯುತ್ತಾಳೋ ಇಲ್ಲವೋ. ತೆರೆದರೆ ಏನಾಗುತ್ತದೋ. ಕೋಟಿನ ಗುಂಡಿ ಎರಡು ಸಲ ತಪ್ಪು ಹಾಕಿದೆ, ಮೊದಲ ಪ್ರಸಂಗಕ್ಕೆ ಹೊರಟವನ ಹಾಗೆ. ಇರ್ಮಾ ಕಾರಿನಲ್ಲಿ ಕೂತು ಹಾರನ್ ಹೊಡೆಯುತ್ತಿದ್ದಾಳೆ. ಟೋಪಿ ಎಲ್ಲಿಟ್ಟೆ —